ಆಟೋದಲ್ಲಿ ನಾಲ್ಕನೆಯವಳು

"ಯಾಕವ್ವ, ಬೆಳಿಗ್ಗೆಯಿಂದ ಖಾಲಿ ಕುರ್ಚಿ ಜೊತೆ ಮಾತಾಡ್ತಿದ್ದೀಯ? ಮನೇಲಿ ಏನಾರ ತೊಂದ್ರೆನಾ?"

ಬೆಸಗರಹಳ್ಳಿಯ ಹಾಲಿನ ಡೇರಿಯ ಮುಂದೆ ನನಗೆ ಸಿಕ್ಕ ಮೊದಲ ಸ್ವಾಗತ ಇದು. ಕೇಳಿದವರು ನಿಂಗಮ್ಮ, ಎಪ್ಪತ್ತು ದಾಟಿದ ಅಜ್ಜಿ. ಒಂದು ಕಣ್ಣಿಗೆ ಪೊರೆ ಪೂರ್ತಿ ಕವಿದಿದೆ, ಇನ್ನೊಂದಕ್ಕೆ ಶುರುವಾಗಿದೆ. ಅಂಥವರಿಗೂ ನನ್ನ ಅವಸ್ಥೆ ಕಂಡಿತ್ತು. ಧಾರವಾಡದಲ್ಲಿ ಮನೆಯ ಬೆಕ್ಕಿಗೂ 'ರೀ' ಹಚ್ಚಿ ಮಾತಾಡುವವರ ನಡುವೆ ಬೆಳೆದ ನನಗೆ, ಐವತ್ತರ ಹೊಸ್ತಿಲಲ್ಲಿ ಅಪರಿಚಿತರಿಂದ ಏಕವಚನ ಕೇಳಿ ಕಿವಿ ಬಿಸಿಯಾಯಿತು.

ಕುರ್ಚಿಗಳ ವಿಷಯ ಹೇಳಿಬಿಡುತ್ತೇನೆ. ಮದ್ದೂರಿನ ಒಂದು ಸಣ್ಣ ಕಣ್ಣಿನ ಆಸ್ಪತ್ರೆ ನನ್ನನ್ನು ಕೆಲಸಕ್ಕೆ ಕರೆಸಿಕೊಂಡಿದೆ. ಅಲ್ಲಿ ಪೊರೆಯ ಆಪರೇಷನ್ ಉಚಿತ, ಊಟ ಉಚಿತ, ಹಳ್ಳಿಯಿಂದ ಕರೆತರುವ ಆಟೋ ಕೂಡ ಉಚಿತ. ಆದರೂ ಆಟೋ ಖಾಲಿಯಾಗಿಯೇ ಹಿಂದಿರುಗುತ್ತದೆ. ಯಾಕೆಂದು ಕಂಡುಹಿಡಿದು ಏರ್ಪಾಟನ್ನು ತಿದ್ದುವುದು ನನ್ನ ಕೆಲಸ. ಇದಕ್ಕೆ ಸೇವಾ ವಿನ್ಯಾಸ ಎಂಬ ದೊಡ್ಡ ಹೆಸರಿದೆ. ಹೊಸ ಏರ್ಪಾಟನ್ನು ಜಾರಿಗೆ ತರುವ ಮೊದಲು ಅದರ ಕಚ್ಚಾ ಮಾದರಿ ಮಾಡಿ, ಬಳಸುವವರಿಂದಲೇ ಆಡಿಸಿ ನೋಡಬೇಕು. ಹೀಗಾಗಿ ಕುರ್ಚಿಗಳು ಆಟೋ, ರಟ್ಟಿನ ಪೆಟ್ಟಿಗೆ ಆಸ್ಪತ್ರೆಯ ಕೌಂಟರು, ನಾನು ಊರವರ ಮನರಂಜನೆ.

ಈ ಸೀಮೆಯವರು ಯಾವುದನ್ನೂ ಒಳಗೆ ಇಟ್ಟುಕೊಳ್ಳುವವರಲ್ಲ. ನಮ್ಮ ಕಡೆ ಸಾರು ಕೆಟ್ಟಿದ್ದರೂ "ಅಡ್ಡಿಯಿಲ್ರಿ" ಎಂದು ಉಣ್ಣುತ್ತೇವೆ. ಇಲ್ಲಿ ಮದ್ದೂರಿನ ನನ್ನ ಮನೆಯೊಡತಿಗೆ ನಾನು ಉಪ್ಸಾರು ಮಾಡಿಕೊಟ್ಟೆ. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಖಾರ ಬೇರೆಯಾಗಿ ಅರೆದು ಬೆರೆಸಿಕೊಳ್ಳುವ ಸಾರು ಅದು. ಆಕೆ ಒಂದು ಗುಟುಕು ಕುಡಿದು, "ಇದ ಎಮ್ಮೆಗಿಡು, ಬ್ಯಾಡ, ಎಮ್ಮೆನೂ ಬೈಕತದೆ" ಎಂದು ಬಟ್ಟಲು ಕೆಳಗಿಟ್ಟರು. ರಾತ್ರಿಯೆಲ್ಲ ಎಮ್ಮೆಯ ಅಭಿಪ್ರಾಯದ ಬಗ್ಗೆ ಯೋಚಿಸುತ್ತ ಮಲಗಿದೆ. ಆದರೆ ಒಂದು ಧೈರ್ಯವೂ ಬಂತು: ಇಷ್ಟು ನೇರ ಜನ ನನ್ನ ಮಾದರಿಯಲ್ಲಿ ತಪ್ಪಿದ್ದರೆ ಹೇಳದೆ ಬಿಡುತ್ತಾರೆಯೇ?

ಹೇಳಲಿಲ್ಲ. ನಿಂಗಮ್ಮ, ಅವರ ವಾರಗಿತ್ತಿ ಚಿಕ್ಕತಾಯಮ್ಮ, ಪಕ್ಕದ ಮನೆಯ ಪುಟ್ಟಸ್ವಾಮಿ, ಮೂವರೂ ಕುರ್ಚಿಯ ಆಟೋ ಹತ್ತಿದರು. ಹತ್ತಿರದಿಂದ ನೋಡಲೆಂದು ನಾನೂ ಅವರ ಪಕ್ಕದಲ್ಲೇ ಕುಳಿತೆ. ನಗುತ್ತ ಹೋದರು, ರಟ್ಟಿನ ಕೌಂಟರಿನಲ್ಲಿ ಹೆಸರು ಹೇಳಿದರು, ನಗುತ್ತ ಇಳಿದರು. "ಚೆನ್ನಾಗದೆ ಬುಡವ್ವ" ಎಂದರು ಪುಟ್ಟಸ್ವಾಮಿ. ನಾನು ಧಾರವಾಡಕ್ಕೆ ಫೋನ್ ಮಾಡಿ ಅವ್ವನ ಮುಂದೆ ಜಂಬ ಕೊಚ್ಚಿಕೊಂಡೆ.

ನಿಜವಾದ ಆಟೋ ಬಂದ ದಿನ ಮೂವರೂ ಡೇರಿಯವರೆಗೆ ಬಂದರು, ಆಟೋವನ್ನು ನೋಡಿದರು, ಮನೆಗೆ ಹೋದರು. "ಮುಂದಿನ್ವಾರ ಬತ್ತೀನಿ ಬುಡು." ಹೊತ್ತು ಬದಲಿಸಿದೆ. ಆಟೋ ನಿಲ್ಲುವ ಜಾಗ ಬದಲಿಸಿದೆ. ಆಸ್ಪತ್ರೆಯ ಊಟಕ್ಕೆ ಮುದ್ದೆ ಸೇರಿಸಿದೆ. ಪ್ರತಿ ಸಲವೂ ಕುರ್ಚಿಯ ಆಟೋ ತುಂಬುತ್ತಿತ್ತು, ನಿಜವಾದದ್ದು ಖಾಲಿ. ಡಾಕ್ಟರು ಕೊನೆಗೆ ಹೇಳಿದರು: "ಇನ್ನೊಂದು ಸಲ ಹೀಗಾದರೆ ಆಟೋ ನಿಲ್ಲಿಸ್ತೀನಿ ಮೇಡಂ. ಆ ನಿಂಗಮ್ಮಜ್ಜಿಗೆ ಮಾತ್ರ ಹೇಳಿ, ಇನ್ನೂ ತಡ ಮಾಡಿದರೆ ಆ ಕಣ್ಣು ನನ್ನ ಕೈಲಿರಲ್ಲ."

ಅಂದು ನನ್ನ ತಾಳ್ಮೆ ಹರಿಯಿತು. ನಿಂಗಮ್ಮನ ಮನೆ ಬಾಗಿಲಲ್ಲಿ ನಿಂತು ಅಪ್ಪಟ ಧಾರವಾಡ ಕನ್ನಡದಲ್ಲಿ ಕೂಗಾಡಿದೆ. "ನನ್ನ ಕೂದಲಿನ ಬಣ್ಣ ಚಂದಿಲ್ಲ ಅಂತ ಹೇಳ್ತೀರಿ, ನನ್ನ ನಡಿಗಿ ಬಾತುಕೋಳಿ ಹಂಗದ ಅಂತೀರಿ, ಇದೊಂದ ಯಾಕ ಹೇಳಂಗಿಲ್ರಿ?"

ನಿಂಗಮ್ಮ ಹೊಸ್ತಿಲ ಮೇಲೆ ಕುಳಿತರು. "ಮೂರ್ ಜನನ ಜೋಡಿಸಿ ಕಳುಸ್ತೀಯಲ್ಲ ತಾಯಿ. ಕಣ್ಣು ಕುಯ್ಸಕೆ ಮೂರ್ ಜನ ಯಾರಾರ ಓಯ್ತಾರಾ?"

"ಡ್ರೈವರ್ ಇದ್ದಾನಲ್ರೀ, ನಾಕಾತಲ್ಲ!"

"ಅವ್ನು ಡೂಟಿಗೆ ಬತ್ತಾನೆ ಕಣವ್ವ. ನಮ್ ಜೊತೇಗಾ?"

"ಮತ್ತ ಕುರ್ಚಿ ಮ್ಯಾಲ ಹೆಂಗ ಕುಂತ್ರಿ?"

"ನೀನಿದ್ದಲ್ಲ ಜೊತೇಲಿ."

ನಾನೂ ಕುಳಿತದ್ದು ಡ್ಯೂಟಿಯ ಮೇಲೇ.

ಈಗ ನನ್ನ ಸಿಟ್ಟು ಅವರ ಮೇಲಿನದಲ್ಲ, ನನ್ನ ಮೇಲಿನದೇ. ನಮ್ಮವ್ವ ಇಂದಿಗೂ ಮೂವರು ಹೊರಟರೆ ನಾಲ್ಕನೆಯದೆಂದು ಒಂದು ಕಲ್ಲನ್ನು ಕೈಗೆ ಕೊಟ್ಟು ಕಳಿಸುತ್ತಾಳೆ. ಹುಟ್ಟಿದಾಗಿನಿಂದ ಕಂಡದ್ದನ್ನು ಮದ್ದೂರಿನಲ್ಲಿ ಮರೆತು ಮುದ್ದೆ, ಹೊತ್ತು, ಜಾಗ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. "ಒಂದು ಕಲ್ಲು ಇಟ್ಕೋಬಹುದಿತ್ತಲ್ರೀ?" ಎಂದೆ.

"ಆಸ್ಪತ್ರೆ ಗಾಡಿಗೆ ಕಲ್ಲು ಎತ್ಕೊಂಡು ಬಂದಿದ್ರೆ ಓದ್ದೋರು ನೀವು ನಗ್ತಿರ್ಲಿಲ್ವಾ?"

ಹೌದು, ನಗುತ್ತಿದ್ದೆವು. ಆದ್ದರಿಂದ ಕಲ್ಲು ಆಸ್ಪತ್ರೆಯದೇ ಆಗಬೇಕಿತ್ತು. ಡಾಕ್ಟರ ಎದುರು ಅರ್ಧ ದಿನ ವಾದಿಸಿದೆ. "ಕಲ್ಲಾ, ಮೇಡಂ?" ಎಂದು ಅವರು ಕೇಳಿದ ರೀತಿಗೆ ನನ್ನ ಕಣ್ಣನ್ನೂ ಒಮ್ಮೆ ಪರೀಕ್ಷಿಸಿಬಿಡುತ್ತಾರೇನೋ ಅನ್ನಿಸಿತು. ಕೊನೆಗೆ ಕೈಮುಗಿದು, "ಏನಾದರೂ ಮಾಡಿ, ವರದಿಯಲ್ಲಿ ಬರೀಬೇಡಿ" ಎಂದರು.

ಮುಂದಿನ ಸಲ ಆಟೋ ಬಂದಾಗ ಹಿಂದಿನ ಸೀಟಿನ ಮೂಲೆಯಲ್ಲಿ ನುಣ್ಣನೆಯ ಕಲ್ಲೊಂದು ಕುಳಿತಿತ್ತು. ನಿಂಗಮ್ಮ ತಡವಿ ನೋಡಿದರು. "ಓ, ಧಾರ್ವಾಡದಮ್ಮ ಮೊದ್ಲೇ ಅತ್ತಿ ಕುಂತವ್ಳೆ. ಸರ್ಕೊಳ್ಲಾ ಪುಟ್ಸಾಮಿ, ಜಾಗ ಬುಡು ಅವ್ಳಿಗೆ" ಎಂದು ಹತ್ತಿ ಕುಳಿತರು. ಮಿಕ್ಕಿಬ್ಬರೂ ನಗುತ್ತ ಹತ್ತಿದರು.

ಆಪರೇಷನ್ ಮುಗಿದು ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಮಂಚದ ಮುಂದೆ ನಿಂತಿದ್ದೆ. ನಿಂಗಮ್ಮ ಕಣ್ಣು ಕಿರಿದು ಮಾಡಿ ನನ್ನನ್ನು ಬಹಳ ಹೊತ್ತು ನೋಡಿದರು. "ಇಷ್ಟೊಂದ್ ವಯ್ಸಾಗದಾ ನಿಂಗೆ? ದನಿ ಕೇಳಿ ಮೋಸ ಓದೆ ಕಣವ್ವ."

ವರದಿಯಲ್ಲಿ 'ಸಮಯದ ಹೊಂದಾಣಿಕೆಯಿಂದ ಯಶಸ್ಸು' ಎಂದು ಬರೆದಿದ್ದೇನೆ. ಓದಿದಾಗಲೆಲ್ಲ ಮೈ ಉರಿಯುತ್ತದೆ.

ರಜೆಗೆಂದು ಧಾರವಾಡಕ್ಕೆ ಬಂದು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಅವ್ವ, ತಮ್ಮ, ನಾನು ಒಂದು ಮದುವೆಗೆ ಹೊರಟೆವು. ಅವ್ವ ಬೀಗ ಹಾಕಿ, ತಮ್ಮನ ಕೈ ಹಿಡಿದು ಮೆಟ್ಟಿಲಿಳಿದಳು. ರಸ್ತೆಗೆ ಬಂದ ಮೇಲೆ ತಿರುಗಿ ನನ್ನನ್ನು ನೋಡಿ ತಟ್ಟನೆ ನಿಂತಳು.

"ಅಯ್ಯ, ನೀನೂ ಅದೀಯಲ್ಲ, ಮೂರ್ ಮಂದಿ ಆತು! ತಡಿ," ಎಂದು ಅವಳು ಕಲ್ಲು ಹುಡುಕಲು ಬಗ್ಗಿದಳು.