ಕಸ್ತೂರೆವ್ವನ ಒಲೆಬದಿ

ಅಲಖನೂರಿನ ಕಸ್ತೂರೆವ್ವನ ಮನೆ ಹೊಕ್ಕರೆ ಥಂಡಿ ಹೊರಗಿಗಿಂತ ಒಳಗೇ ಹೆಚ್ಚು ಎಂದು ಸೊಸೆ ರೂಪಾಲಿ ನಗುತ್ತಿದ್ದಳು. ಮಾತು ಸುಳ್ಳಲ್ಲ. ಹಳೇ ಮಣ್ಣಿನ ಗೋಡೆ ಅಲ್ಲಲ್ಲಿ ಬಿರಿದಿತ್ತು. ಹಿತ್ತಲ ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದಿ. ಡಿಸೆಂಬರ್ ಬಂತೆಂದರೆ ಹಳೇ ಸೀರೆ ಹರಿದು ಸಂದಿಗಳಿಗೆ ತುರುಕುವುದೇ ಮುದುಕಿಯ ಕೆಲಸ. ಸಿಮೆಂಟು ಮೆತ್ತಿಸೋಣ ಎಂದು ಮಗ ಮಲ್ಲೇಶ ಎಷ್ಟು ಸಲ ಅಂದರೂ ಒಂದೇ ಉತ್ತರ: "ನಿಮ್ಮಪ್ಪ ತುಳದ ಮಣ್ಣ ಅದು. ಮುಟ್ಟಬ್ಯಾಡ." ಗಂಡ ತೀರಿ ಒಂಬತ್ತು ವರ್ಷವಾಗಿತ್ತು.

ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಒಲೆಬದಿಯ ಮೂಲೆ ಮಾತ್ರ. ಅಲ್ಲಿ ಕಸ್ತೂರೆವ್ವನ ಹಾಸಿಗೆ.

ಆ ವರ್ಷ ಅವರ ಕಬ್ಬು ಕಡಿಯಲು ಮರಾಠಿ ಸೀಮೆಯ ಬೀಡ ಕಡೆಯಿಂದ ಕೂಲಿಗಳ ಗ್ಯಾಂಗು ಬಂತು. ಬೆಳಗ್ಗೆ ಹೊಲಕ್ಕೆ ಹೋದ ಕಸ್ತೂರೆವ್ವ ಕಬ್ಬಿನ ಒಣಗರಿಯ ರವದಿ ಹೊದಿಸಿದ ಗುಡಿಸಲೊಂದರಲ್ಲಿ ಇಣುಕಿದಳು. ಪೂನಮ ಎಂಬ ಹುಡುಗಿ ಹನ್ನೆರಡು ದಿನದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಕೂಸಿನ ಪಾದ ಮುಟ್ಟಿದರೆ ತಣ್ಣಗೆ.

"ಹಸಿ ಬಾಣಂತಿ ಇಲ್ಲಿ ಕುಂತೀಯಲ್ಲವ್ವಾ!"

"ಕುಠೆ ಜಾವೂ, ಆಜಿ?" ಎಲ್ಲಿಗೆ ಹೋಗಲಿ ಅಜ್ಜಿ, ಎಂದಳು ಪೂನಮ.

ಗಡಿ ಸೀಮೆಯ ಮುದುಕಿಗೆ ಮರಾಠಿ ಹೊಸತಲ್ಲ. "ಚಲ್ ಮಾಝ್ಯಾ ಘರೀ", ನಡಿ ನನ್ನ ಮನೆಗೆ, ಎಂದು ಕೂಸನ್ನು ಎತ್ತಿಕೊಂಡು ನಡೆದೇಬಿಟ್ಟಳು.

ರೂಪಾಲಿ ಗಾಬರಿಯಾದಳು. "ಅತ್ತಿ, ಈ ಮನ್ಯಾಗ ನಾವ ನಡಗಾಕತ್ತೇವಿ. ಕೂಸಿನ್ನ ಎಲ್ಲಿ ಮಲಗಸ್ತೀರಿ?"

ಕಸ್ತೂರೆವ್ವ ಒಲೆಬದಿಯ ತನ್ನ ಹಾಸಿಗೆ ಸುತ್ತಿ ಪಡಸಾಲೆಗೆ ಒಯ್ದಳು.

ಪಡಸಾಲೆಯ ಗಾಳಿಗೆ ಮೂರು ಕೌದಿಯೂ ಸಾಲಲಿಲ್ಲ. ನಾಲ್ಕನೇ ದಿನಕ್ಕೆ ಕೆಮ್ಮು ಹಿಡಿಯಿತು. ರೂಪಾಲಿ ಬೈಯುತ್ತಲೇ ಕಷಾಯ ಕುದಿಸಿದಳು. ಒಳಗೆ ಪೂನಮಳಿಗೆ ಪ್ರತಿ ಕೆಮ್ಮೂ ಕೇಳುತ್ತಿತ್ತು. ಗಂಡ ಸಮಾಧಾನನಿಗೆ ಅದೇನು ಹೇಳಿದಳೋ, ಗ್ಯಾಂಗಿಗೆ ರಜೆ ಇದ್ದ ದಿನ ಅವನು ಹಿತ್ತಲಿಗೆ ಬಂದು ಮಣ್ಣಿಗೆ ಹೊಟ್ಟು ಬೆರೆಸಿ ತುಳಿಯತೊಡಗಿದ.

"ಯಾರ ಹೇಳ್ಯಾರ ನಿನಗ?" ಕಸ್ತೂರೆವ್ವ ಸಿಟ್ಟಿನಿಂದ ಹೊರಬಂದಳು.

"ಸಿಮೆಂಟ್ ನಾಹೀ, ಆಜಿ. ಮಾತೀಚ್ ಹಾಯ" ಎಂದ ಅವನು, ತುಳಿಯುವುದನ್ನು ನಿಲ್ಲಿಸದೆ. ಸಿಮೆಂಟಲ್ಲ, ಬರೀ ಮಣ್ಣು.

ಮೊಣಕಾಲತನಕ ಕೆಸರಾದ ಆ ಕಾಲುಗಳನ್ನೇ ಮುದುಕಿ ನೋಡುತ್ತ ನಿಂತಳು. ಕೊನೆಗೆ, "ಇನ್ನೊಂದ ಕೊಡ ನೀರ ಹಾಕು. ಗಟ್ಟಿ ಆಗೇತಿ" ಎಂದಳು. ಆಮೇಲೆ ಮಣೆ ಹಾಕಿಕೊಂಡು ಕೂತು, ಗಾಳಿ ನುಗ್ಗುವ ಬಿರುಕುಗಳನ್ನೆಲ್ಲ ಒಂದೊಂದಾಗಿ ತೋರಿಸಿದಳು.

ತಿಂಗಳಲ್ಲಿ ಕಬ್ಬು ಮುಗಿದು ಗ್ಯಾಂಗು ಶಿರಗುಪ್ಪಿ ಕಡೆ ಹೊರಟಿತು. ಟ್ರ್ಯಾಕ್ಟರು ಬಾಗಿಲಿಗೆ ಬಂದಾಗ ಕಸ್ತೂರೆವ್ವ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ.

"ಹೊಡಕೊಳ್ಳಲಿ ಬಿಡು" ಎಂದಳು ಮುದುಕಿ. "ಇನ್ನೊಂದ ಕಾಲ ಉಳದೈತಿ."