ಹಾಡಿನ ನಡುವೆ ಮಾವನವರ ದನಿ

ನಮ್ಮ ಯಜಮಾನರು ರಾಜಶೇಖರ್ ಅವರಿಗೆ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸವಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮನೆಯಲ್ಲಿ ಹುಟ್ಟಿದವರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಪಕ್ಕಕ್ಕೆ ಇಡುತ್ತಾರೆ. ಮನುಷ್ಯರನ್ನು ನೋಡುವುದೂ ಹಾಗೆಯೇ. ನನ್ನ ತವರು ಹಾರನಹಳ್ಳಿಗೆ ನನ್ನನ್ನು ನೋಡಲು ಬಂದಾಗ ನಾನು ತಲೆ ತಗ್ಗಿಸಿಕೊಂಡು ಒಂದು ವಚನ ಹಾಡಿದೆ. ಬಾಗಿಲ ಹಿಂದೆ ನಿಂತಿದ್ದ ನನ್ನ ತಂಗಿ ಹಾಡುತ್ತಿರಬಹುದೆಂದು ಇವರಿಗೆ ಗುಮಾನಿ. ಇನ್ನೊಮ್ಮೆ, ಮುಖ ಎತ್ತಿ ಹಾಡಬೇಕಂತೆ. ಮೈಯೆಲ್ಲಾ ಉರಿಯಿತು. ಆದರೂ ಹಾಡಿದೆ, ತೊಂಬತ್ತೈದರಲ್ಲಿ ಮದುವೆಯೂ ಆಯಿತು.

ಹೊಸದರಲ್ಲಿ ಅನುಮಾನ ಪಡುವ ಸರದಿ ನನ್ನದು. ಸಂಜೆಯಾದರೆ ಇವರು ಕಾಯಿ ನೋಡುವ ನೆಪದಲ್ಲಿ ಅಟ್ಟ ಹತ್ತುತ್ತಿದ್ದರು. ಮೇಲಿಂದ ಯಾರೋ ಗಂಟಲು ಹರಿದುಕೊಳ್ಳುವ ಸದ್ದು, ತಗಡು ಬಡಿಯುವ ಸದ್ದು. ಕೇಳಿದರೆ ರೇಡಿಯೋ ಕೆಟ್ಟಿದೆ ಎನ್ನುತ್ತಿದ್ದರು. ಕೆಟ್ಟ ರೇಡಿಯೋ ಕೇಳುತ್ತಾ ಯಾರಾದರೂ ನಗುತ್ತಾರೆಯೇ? ಒಂದು ದಿನ ನಾನೇ ಏಣಿ ಹತ್ತಿದೆ. ಕಾಯಿ ರಾಶಿಯ ನಡುವೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಹಣೆಗೆ ವಿಭೂತಿ ಬಳಿದುಕೊಂಡ ನನ್ನ ಗಂಡ ತಲೆ ಕೊಡವುತ್ತಿದ್ದರು. ಇದಕ್ಕೆ ಹೆವಿ ಮೆಟಲ್ ಎನ್ನುತ್ತಾರೆಂದು ಆವತ್ತು ತಿಳಿಯಿತು. ಹಾಸನದಲ್ಲಿ ಕಾಲೇಜು ಓದುವಾಗ ಹತ್ತಿದ ಗೀಳಂತೆ.

ಆ ಕ್ಯಾಸೆಟ್ಟಿನಲ್ಲಿ ಒಂದು ವಿಶೇಷವಿತ್ತು. ಗೆಳೆಯನ ಕ್ಯಾಸೆಟ್ ತಂದು, ಅಟ್ಟದ ಮೇಲೆ ಎರಡು ಟೇಪ್ ರೆಕಾರ್ಡರ್ ಎದುರುಬದುರು ಇಟ್ಟು, ಕಿಟಕಿ ಮುಚ್ಚಿ ಇವರು ರೆಕಾರ್ಡ್ ಮಾಡಿಕೊಂಡಿದ್ದರು. ಆಗೆಲ್ಲ ಊರಿನಲ್ಲಿ ಹಾಗೆಯೇ ಮಾಡುತ್ತಿದ್ದದ್ದು. ಕೊನೆಯ ಹಾಡು ಅರ್ಧಕ್ಕೆ ಬಂದಾಗ ಕೊಬ್ಬರಿ ಮಂಡಿಯಿಂದ ಮರಳಿದ ಮಾವನವರು, ಕಲ್ಲೇಶಪ್ಪನವರು, ಕಿರುಚಾಟ ಕೇಳಿ ಕೆಳಗಿನಿಂದಲೇ ಗಂಟಲೆತ್ತಿದ್ದರು: "ಏನ್ಲಾ ರಾಜ, ಯಾರಿಗ್ಲಾ ಹೊಡೀತಾವ್ರೆ ಅಲ್ಲಿ?" ಅದೂ ರೆಕಾರ್ಡ್ ಆಗಿಬಿಟ್ಟಿತ್ತು. ಗಿಟಾರಿನ ನಡುವೆ ಮಾವನವರ ಮಾತು, ಆಮೇಲೆ ಮತ್ತೆ ಗಿಟಾರು. ನನಗೆ ಆ ಹಾಡು ಹಿಡಿಸಿದ್ದೇ ಆ ಜಾಗದಿಂದ.

ಮಾವನವರ ಗಂಟಲೇ ಹಾಗೆ. ಬೀದಿ ತಿರುವಿನಲ್ಲಿ ಯಾರನ್ನೋ ಮಾತಾಡಿಸಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆ ದನಿ ಕೇಳಿದ ತಕ್ಷಣ ನಾನು ತಲೆ ಮೇಲೆ ಸೆರಗು ಹೊದ್ದು ಎದ್ದು ನಿಲ್ಲಬೇಕು, ಅದು ಆ ಮನೆಯ ರೀತಿ. ಮೊದಮೊದಲು ಬೇಸರವಾಗುತ್ತಿತ್ತು. ಬರಬರುತ್ತಾ ಕೈಗೇ ರೂಢಿಯಾಯಿತು.

ಎರಡು ಸಾವಿರದ ಇಸವಿಯಲ್ಲಿ ಮಾವನವರು ಲಿಂಗೈಕ್ಯರಾದರು. ಆಮೇಲೆ ಇವರು ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಾಕಿದರೆಂದರೆ, ಒಂದು ದಿನ ರೀಲು ಒಳಗೇ ಸುತ್ತಿಕೊಂಡು ಕಿತ್ತುಬಂತು. ಅಂಟಿಸಿದರು. ಹಾಳಾಗಿದ್ದು ಸರಿಯಾಗಿ ಅದೇ ಜಾಗ. ಆಮೇಲೆ ಸಿ.ಡಿ. ತಂದರು. ಹಾಡು ಚೊಕ್ಕವಾಗಿತ್ತು, ಮಾವನವರು ಇರಲಿಲ್ಲ. ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೆಂದು ಒಂದು ವಾರ ಗೊಣಗಿದರು.

ಎರಡು ಸಾವಿರದ ಏಳರಲ್ಲಿ ಆ ಕ್ಯಾಸೆಟ್ಟಿನ ಇಂಗ್ಲಿಷ್ ಬ್ಯಾಂಡ್ ಬೆಂಗಳೂರಿಗೆ ಬರುತ್ತದೆಂದು ಪೇಪರಿನಲ್ಲಿ ಬಂತು. ಇವರು ನಂಬಲಿಲ್ಲ. ಅಷ್ಟು ದೊಡ್ಡವರು ಇಲ್ಲಿಗೇಕೆ ಬರುತ್ತಾರೆ, ಯಾರೋ ವೇಷ ಹಾಕಿಕೊಂಡು ಬರುತ್ತಾರೆ ಎಂದರು. ಎಂದವರೇ ಟಿಕೆಟ್ ತರಿಸಿದರು, ಅದೂ ಎರಡು. ನನಗೇಕೆ ಎಂದು ಕೇಳಿದೆ.

"ಅಪ್ಪ ಅಂದ ಮಾತು ನೆನಪೈತೆ ಉಷಾ. ದನಿ ಮಾತ್ರ ಹೋಗ್ಬಿಟ್ಟೈತೆ. ಎಷ್ಟ್ ಸಲ ಅಂದ್ಕೊಂಡ್ರೂ ನನ್ ದನೀನೇ ಬತ್ತದೆ. ಎದುರಿಗೆ ನಿಂತು ಆ ಹಾಡು ಜೋರಾಗಿ ಕೇಳುದ್ರೆ ದನಿ ನೆನಪಿಗೆ ಬಂದ್ರೂ ಬರಬೌದು. ಬಂದ್ರೆ ಅದು ಹೌದೋ ಅಲ್ವೋ ನನಗೆ ಹೆಂಗ್ ಗೊತ್ತಾಗ್ಬೇಕು? ನೀನಿದ್ರೆ ಹೇಳ್ತೀಯ."

ಇಷ್ಟು ವರ್ಷದಲ್ಲಿ ಅವರು ನನ್ನ ಮಾತನ್ನು ಸಾಕ್ಷಿಯೆಂದು ಕೇಳಿದ್ದು ಅದೇ ಮೊದಲು. ಆದರೆ ಹೊರಡುವ ಹೊತ್ತಿಗೆ ಅದರಲ್ಲೂ ಅನುಮಾನ ಬಂತು: ತನ್ನ ಸಮಾಧಾನಕ್ಕೆ ಹೌದು ಅಂತ ಸುಳ್ಳು ಹೇಳಬಾರದು ಎಂದು ಬಸ್ಸಿನಲ್ಲಿ ತಿಪಟೂರಿನವರೆಗೂ ಹೇಳಿದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಅರಮನೆ ಮೈದಾನದಲ್ಲಿ ಸಾವಿರಾರು ಹುಡುಗರು ಕಪ್ಪು ಅಂಗಿ ಹಾಕಿಕೊಂಡು ನಿಂತಿದ್ದರು. ಸೀರೆಯುಟ್ಟು ಮಲ್ಲಿಗೆ ಮುಡಿದವಳು ನಾನೊಬ್ಬಳೇ ಇರಬೇಕು. ಆಂಟಿ ಆಂಟಿ ಎಂದು ಜಾಗ ಬಿಟ್ಟರು. ಇವರು ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದರು, ಗೇಟಿನವನು ಹರಿದುಕೊಟ್ಟ ತುಂಡನ್ನೂ ನೋಡಿದರು. ಹಾಡು ಶುರುವಾದ ಮೇಲೆ, ದೂರದಲ್ಲಿ ಹೆಬ್ಬೆಟ್ಟಿನಷ್ಟು ಕಾಣುತ್ತಿದ್ದ ಹಾಡುಗಾರನ ಕಡೆ ಕಣ್ಣು ಕಿರಿದು ಮಾಡಿ, ಬರೀ ಬಾಯಿ ಆಡಿಸುತ್ತಿರಬಹುದು, ಹಿಂದೆ ಕ್ಯಾಸೆಟ್ ಓಡುತ್ತಿರಬಹುದು ಎಂದು ನನ್ನ ಕಿವಿಯಲ್ಲಿ ಕೂಗಿದರು. ಹಾಡುಗಾರ ಒಂದು ಕಡೆ ಪದ ತಪ್ಪಿದ. ಆಗ ಇವರ ಮುಖ ಅರಳಿತು. ಅಸಲಿ ಎಂದು ಖಾತ್ರಿಯಾಯಿತು.

ಎಷ್ಟೋ ಹಾಡು ಕಳೆದವು. ನಮ್ಮ ಹಾಡು ಬರಲಿಲ್ಲ. ಹಾಡುವುದೇ ಇಲ್ಲವೇನೋ ಎಂದು ನನಗೂ ಹೆದರಿಕೆಯಾಯಿತು. ಅಷ್ಟರಲ್ಲಿ ಅಟ್ಟದ ಮೇಲೆ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದ್ದ ಆ ಗಿಟಾರು ಶುರುವಾಯಿತು. ಇವರು ನನ್ನ ಕೈ ಬಿಟ್ಟು, ಎರಡೂ ಕಣ್ಣು ಮುಚ್ಚಿದರು. ಎದೆಗೆ ಬಡಿಯುವಂಥ ಸದ್ದು. ಅಕ್ಕಪಕ್ಕದವರು ಕುಣಿಯುತ್ತಿದ್ದರು, ಇವರೊಬ್ಬರು ಕಂಬದಂತೆ ನಿಂತಿದ್ದರು. ಹಾಡು ಅರ್ಧಕ್ಕೆ ಬಂತು. ಆ ಜಾಗ ಬಂತು. ನಾನು ಮೈಯೆಲ್ಲ ಕಿವಿಯಾಗಿ ನಿಂತೆ. ಏನೂ ಇಲ್ಲ, ಗಿಟಾರು ಹಾಗೆಯೇ ಮುಂದೆ ಹೋಗುತ್ತಿದೆ. ಅಯ್ಯೋ ಪಾಪ ಎನಿಸಿತು.

"ಏನ್ಲಾ ರಾಜ, ಯಾರಿಗ್ಲಾ ಹೊಡೀತಾವ್ರೆ ಅಲ್ಲಿ?"

ಮುಂದಿದ್ದ ಹುಡುಗರು ಬೆಚ್ಚಿ ತಿರುಗಿದರು. ಕೂಗಿದ್ದು ಇವರೇ, ಕಣ್ಣು ಮುಚ್ಚಿಕೊಂಡೇ. ಮರುಗಳಿಗೆ ಕಣ್ಣು ಬಿಟ್ಟು, ಗಾಬರಿಯಿಂದ ನನ್ನ ಕಡೆ ನೋಡಿದರು. ಹೌದಾ ಅಲ್ಲವಾ ಎಂದು ಕೇಳಲು ಬಾಯಿ ತೆರೆದವರು ನನ್ನ ತಲೆಯನ್ನೇ ನೋಡುತ್ತಾ ನಿಂತುಬಿಟ್ಟರು.

ಅವರ ನೋಟ ಹಿಡಿದು ನಾನೂ ತಲೆ ಮುಟ್ಟಿ ನೋಡಿಕೊಂಡೆ. ಸೆರಗು ತಲೆ ಮೇಲಿತ್ತು. ಮಲ್ಲಿಗೆ ಅದರಡಿಯಲ್ಲಿ ನಲುಗಿತ್ತು. ಯಾವಾಗ ಹೊದ್ದುಕೊಂಡೆನೋ ನನಗೇ ತಿಳಿಯದು.

ಯಜಮಾನರು ಅಷ್ಟು ಜನರ ನಡುವೆ ಮಕ್ಕಳ ಹಾಗೆ ಅತ್ತರು. ನನ್ನನ್ನು ಏನೂ ಕೇಳಲಿಲ್ಲ. ಅರಸೀಕೆರೆ ತಲುಪಿದ ಮೇಲೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.