ಜಯಶೀಲಾ ಮೇಡಂ ಎಳೆಯುವ ಗೆರೆಗಳು
ಭದ್ರಾವತಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಜಯಶೀಲಾ ಮೇಡಂ ಕೈಗೆ ಪೆನ್ಸಿಲ್ ಸಿಕ್ಕರೆ ಮದುವೆಯ ಕರೆಯೋಲೆಗೂ ಬಿಡುಗಡೆಯಿಲ್ಲ. "ಮೊದಲು ಕ್ರಿಯಾಪದಕ್ಕೆ ಗೆರೆ ಎಳೀರಿ, ಆಮೇಲೆ ಯಾರು ಯಾರಿಗೆ ಹೇಳ್ತಿದಾರೆ ನೋಡಿ, ಕೊನೆಗೆ ಏನು ಹೇಳಿಲ್ಲ ಅಂತ ಹುಡುಕಿ" ಎಂಬುದು ಅವರ ನಿತ್ಯದ ಪಾಠ. ಬಸ್ಸಿನಲ್ಲಿ ಸಿನಿಮಾ ಹಾಡು ಬಂದರೂ ಅವರ ಬೆರಳು ಗಾಳಿಯಲ್ಲೇ ಗೆರೆ ಎಳೆಯುತ್ತದೆ. ವಾರ್ಷಿಕೋತ್ಸವಕ್ಕೆಂದು ವಿದ್ಯಾರ್ಥಿನಿ ತನುಜಾ ಬರೆದುಕೊಟ್ಟ ಹಾಡನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು. ಮೇಡಂ ಗೆರೆ ಎಳೆಯುತ್ತ ಹೋದರು. ಹಾಡಿನಲ್ಲಿ ನಾಳೆ ಅಮ್ಮ ನಗುತ್ತಾಳೆ, ತಂಗಿ ಓದುತ್ತಾಳೆ, ಗೆಳತಿಯರು ಕುಣಿಯುತ್ತಾರೆ. 'ನಾನು' ಬಂದಲ್ಲೆಲ್ಲ ಮಾತ್ರ ಬರೀ ಭೂತಕಾಲ. ಹುಡುಗಿ ಬರೆದ ನಾಳೆಯಲ್ಲಿ ಅವಳೇ ಇರಲಿಲ್ಲ. ಮೇಡಂ ಕ್ಲಾಸಿನ ಬೆಲ್ಲನ್ನೂ ಲೆಕ್ಕಿಸದೆ ಓಡಿ, ಗೇಟಿನ ಬಳಿ ಒಬ್ಬಳೇ ಹೊರಟಿದ್ದ ತನುಜಾಳ ಕೈ ಹಿಡಿದು, "ನಾಳೆ ನೀನೇನು ಮಾಡ್ತೀಯ, ಮಾರಾಯ್ತಿ?" ಎಂದರು. ಹುಡುಗಿ ಅವರ ಹೆಗಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು.